ಬೆಕ್ಕಿಗೆ ಶುಗರ್ ಬಂದರೆ: ಮನೆಯಲ್ಲೇ ಇನ್ಸುಲಿನ್, ಊಟ, ಲೆಕ್ಕ

ನೀರಿನ ಬಟ್ಟಲು ಮೊದಲಿಗಿಂತ ಬೇಗ ಖಾಲಿಯಾಗುತ್ತದೆ. ಟ್ರೇಯಲ್ಲಿ ಮರಳಿನ ಉಂಡೆಗಳು ಎರಡು ಪಟ್ಟು ದೊಡ್ಡದಾಗಿವೆ. ಟ್ರೇಯ ಆಚೆ ಬಿದ್ದ ಉಚ್ಚೆಯ ಹನಿಗೆ ಇರುವೆ ಮುತ್ತುತ್ತಿವೆ. ಬೆಕ್ಕು ತಟ್ಟೆ ನೆಕ್ಕಿ ಮುಗಿಸಿ ಮತ್ತೆ ಕೇಳುತ್ತದೆ, ಆದರೆ ಕೈಯಾಡಿಸಿದರೆ ಬೆನ್ನಮೂಳೆ ಸಿಗುತ್ತದೆ. ಏಳೆಂಟು ವರ್ಷ ದಾಟಿದ, ಮನೆಯೊಳಗೇ ಇದ್ದು ದಪ್ಪಗಾದ, ಸಂತಾನಹರಣ ಆಪರೇಷನ್ ಆದ ಗಂಡು ಬೆಕ್ಕಿನಲ್ಲಿ ಇಷ್ಟೂ ಒಟ್ಟಿಗೆ ಕಂಡರೆ ಮೊದಲ ಅನುಮಾನ ಸಕ್ಕರೆ ಕಾಯಿಲೆಯದ್ದೇ. ಕೆಲವು ಬೆಕ್ಕುಗಳು ಹಿಂಗಾಲಿನ ಬೆರಳ ಮೇಲೆ ನಡೆಯುವುದನ್ನು ಬಿಟ್ಟು ಹಿಮ್ಮಡಿಯನ್ನೂ ನೆಲಕ್ಕೆ ಊರಿ ನಡೆಯತೊಡಗುತ್ತವೆ. ಅದು ವಯಸ್ಸಿನ ಮಂಡಿನೋವಲ್ಲ, ಹೆಚ್ಚಿದ ಸಕ್ಕರೆ ನರಕ್ಕೆ ಮಾಡಿದ ಹಾನಿ. ಸಕ್ಕರೆ ಹತೋಟಿಗೆ ಬಂದರೆ ತಿಂಗಳುಗಳಲ್ಲಿ ಬಹಳಷ್ಟು ಸರಿಹೋಗುತ್ತದೆ.

ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಕ್ಲಿನಿಕ್ಕಿನಲ್ಲಿ ತೆಗೆದ ಒಂದೇ ಸಂಖ್ಯೆಯಿಂದ ತೀರ್ಮಾನಿಸಬಾರದು. ಆರೋಗ್ಯವಂತ ಬೆಕ್ಕಿನ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 80ರಿಂದ 120 ಮಿಲಿಗ್ರಾಂ. ಆದರೆ ಬುಟ್ಟಿಯಲ್ಲಿ ಕೂಡಿಹಾಕಿ, ಆಟೋದಲ್ಲಿ ಕೂರಿಸಿ, ನಾಯಿ ಬೊಗಳುವ ಜಾಗಕ್ಕೆ ಕರೆದೊಯ್ದರೆ ಹೆದರಿಕೆಯಿಂದಲೇ ಅದು 300 ದಾಟಬಹುದು. ಅದಕ್ಕಾಗಿ ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡುತ್ತಾರೆ. ರಕ್ತದಲ್ಲಿ 250–290 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಸೋರುತ್ತದೆ. ಜೊತೆಗೆ ಫ್ರಕ್ಟೋಸಮೀನ್ ಪರೀಕ್ಷೆ ಮಾಡಿಸಿದರೆ ಹಿಂದಿನ ಎರಡು ಮೂರು ವಾರದ ಸರಾಸರಿ ಸಿಗುತ್ತದೆ. ತುರಿಕೆಗೋ ಬಾಯಿಹುಣ್ಣಿಗೋ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಶುಗರ್ ಬರಲು ಅದೇ ಕಾರಣವಿರಬಹುದು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನ ಪಶುವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಿವೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಹೆಚ್ಚಾಗಿ ದನ, ಎಮ್ಮೆ, ನಾಯಿಗಳನ್ನೇ ನೋಡುವವರಿದ್ದರೆ ಅಲ್ಲಿಗೆ ಕಳುಹಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೊಂದು ಮಾತು. ಶುಗರ್ ಇರುವ ಬೆಕ್ಕು ಊಟ ಬಿಟ್ಟಿದೆ, ವಾಂತಿ ಮಾಡುತ್ತಿದೆ, ಸುಸ್ತಾಗಿ ಬಿದ್ದಿದೆ, ಬಾಯಿಂದ ನೇಲ್ ಪಾಲಿಷ್ ಅಳಿಸುವ ದ್ರವದಂಥ ವಾಸನೆ ಬರುತ್ತಿದೆ ಎಂದಾದರೆ ಇಲ್ಲಿ ಬರೆದ ಯಾವುದನ್ನೂ ಮಾಡುತ್ತ ಕೂರಬೇಡಿ. ಅದು ಕೀಟೋನ್ (ಸಕ್ಕರೆ ಬಳಸಲಾಗದ ಮೈ ಕೊಬ್ಬನ್ನು ಒಡೆದಾಗ ಹುಟ್ಟುವ ಆಮ್ಲ) ಏರಿದ ಲಕ್ಷಣ. ಡ್ರಿಪ್ ಬೇಕಾಗುತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ಸುಲಿನ್ ಮತ್ತು ಸಿರಿಂಜ್: ಮೊದಲ ಅಪಾಯ ಇಲ್ಲೇ

ನಮ್ಮಲ್ಲಿ ಬೆಕ್ಕಿಗೆ ಸಾಮಾನ್ಯವಾಗಿ ಬರೆದುಕೊಡುವುದು ಮನುಷ್ಯರ ಗ್ಲಾರ್ಜಿನ್ ಇನ್ಸುಲಿನ್. ಲ್ಯಾಂಟಸ್, ಬಸಲಾಗ್, ಗ್ಲಾರಿಟಸ್ ಎಂಬ ಹೆಸರಿನಲ್ಲಿ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ. ಇದು ಯು-100, ಅಂದರೆ ಒಂದು ಮಿಲಿಲೀಟರಿನಲ್ಲಿ 100 ಯೂನಿಟ್. ಆದರೆ ಭಾರತದಲ್ಲಿ ಮನುಷ್ಯರ ಹಳೆಯ ಬಗೆಯ ಇನ್ಸುಲಿನ್ ಬಾಟಲಿಗಳು ಬಹುಪಾಲು ಯು-40. ಹೀಗಾಗಿ ಅಂಗಡಿಯವರು “ಇನ್ಸುಲಿನ್ ಸಿರಿಂಜ್” ಎಂದರೆ ಕೆಂಪು ಮುಚ್ಚಳದ ಯು-40 ಸಿರಿಂಜನ್ನೇ ಕೈಗಿಡುವುದುಂಟು. ಯು-100 ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು.

ಇವೆರಡೂ ಅದಲುಬದಲಾದರೆ ಏನಾಗುತ್ತದೆ ನೋಡಿ. ಗ್ಲಾರ್ಜಿನ್ನನ್ನು ಕೆಂಪು ಸಿರಿಂಜಿನಲ್ಲಿ 1 ಎಂಬ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.025 ಮಿಲಿ. ಅದರಲ್ಲಿ ಇರುವುದು 1 ಯೂನಿಟ್ ಅಲ್ಲ, ಎರಡೂವರೆ ಯೂನಿಟ್. ನಾಲ್ಕು ಕಿಲೋ ಬೆಕ್ಕಿಗೆ ಇದು ಜೀವಕ್ಕೆ ಎರವಾಗುವ ತಪ್ಪು. ಬಾಟಲಿಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಪ್ರತಿ ಸಲ ಖರೀದಿಸುವಾಗ ಗಟ್ಟಿಯಾಗಿ ಓದಿ ಹೊಂದಿಸಿ. ಅಮೆರಿಕ, ಯುರೋಪಿನಲ್ಲಿರುವವರಿಗೆ ಇದು ತಿರುಗುಮುರುಗಾಗಿ ಎದುರಾಗುತ್ತದೆ. ಅಲ್ಲಿ ಪ್ರಾಣಿಗಳಿಗೆಂದೇ ಬರುವ ಪ್ರೋಝಿಂಕ್, ಕ್ಯಾನಿನ್ಸುಲಿನ್‌ಗಳು ಯು-40, ಮನುಷ್ಯರ ಸಿರಿಂಜು ಯು-100. ಅಲ್ಲಿ ತಪ್ಪಿದರೆ ಬೆಕ್ಕಿಗೆ ಹೋಗುವುದು ಬೇಕಾದ್ದರ 40 ಶೇಕಡಾ ಮಾತ್ರ.

ಸಿರಿಂಜಿನ ಗಾತ್ರವೂ ಮುಖ್ಯ. 1 ಮಿಲಿಯ ಯು-100 ಸಿರಿಂಜಿನಲ್ಲಿ ಸಾಮಾನ್ಯವಾಗಿ ಒಂದೊಂದು ಗೆರೆಗೂ 2 ಯೂನಿಟ್, ಅದರಲ್ಲಿ ಬೆಕ್ಕಿನ ಡೋಸ್ ಅಳೆಯುವುದು ಬರೀ ಅಂದಾಜು. 0.3 ಮಿಲಿಯ, ಅರ್ಧ ಯೂನಿಟ್ ಗೆರೆ ಇರುವ ಸಿರಿಂಜ್ ಸಿಕ್ಕರೆ ಅದೇ ಸರಿ. ಊರಿನ ಅಂಗಡಿಯಲ್ಲಿ ಇರದಿದ್ದರೆ ತರಿಸಿಕೊಡಲು ಹೇಳಿ, ಒಂದು ಡಬ್ಬಿ ಕೊಂಡಿಡಿ. ಇನ್ಸುಲಿನ್ ಪೆನ್ನು ಸುಲಭ ಎನಿಸಬಹುದು, ಆದರೆ ಸಾಮಾನ್ಯ ಪೆನ್ನಿನಲ್ಲಿ ಅರ್ಧ ಯೂನಿಟ್ ಬರುವುದಿಲ್ಲ, 1 ಯೂನಿಟ್‌ನಂಥ ಸಣ್ಣ ಡೋಸಿನಲ್ಲಿ ಅದರ ನಿಖರತೆಯೂ ಕಡಿಮೆ. 300 ಯೂನಿಟ್ ಸಾಂದ್ರತೆಯ ಗ್ಲಾರ್ಜಿನ್ ಪೆನ್ನೂ ಇದೆ. ಅದರೊಳಗಿನದನ್ನು ಸಿರಿಂಜಿನಿಂದ ಎಳೆಯಲೇಬಾರದು.

ಬೆಕ್ಕಿಗೆ ದಿನಕ್ಕೆ ಎರಡು ಯೂನಿಟ್ ಹಿಡಿದರೂ 28 ದಿನಕ್ಕೆ 56 ಯೂನಿಟ್ ಆಯಿತು. 10 ಮಿಲಿ ಬಾಟಲಿಯಲ್ಲಿ ಸಾವಿರ ಯೂನಿಟ್ ಇರುತ್ತದೆ, ಬಹುಪಾಲು ಚೆಲ್ಲಿಹೋಗುತ್ತದೆ. ಆದ್ದರಿಂದ ಪೆನ್ನಿಗೆ ಹಾಕುವ 3 ಮಿಲಿ ಕಾರ್ಟ್ರಿಜ್ ಕೊಂಡು ಅದರ ರಬ್ಬರ್ ಮೂಲಕ ಸಿರಿಂಜಿನಲ್ಲಿ ಎಳೆದುಕೊಳ್ಳಲು ಅನೇಕ ವೈದ್ಯರು ಹೇಳುತ್ತಾರೆ. ಹಾಗೆ ಮಾಡುವಾಗ ಕಾರ್ಟ್ರಿಜ್ಜಿಗೆ ಗಾಳಿ ತುಂಬಬೇಡಿ, ಒಮ್ಮೆ ಹಾಗೆ ಬಳಸಿದ್ದನ್ನು ಮತ್ತೆ ಪೆನ್ನಿಗೆ ಹಾಕಬೇಡಿ. ತೆರೆದ ಮೇಲೆ 28 ದಿನ ಎಂದು ಲೇಬಲ್ ಹೇಳುತ್ತದೆ. ಫ್ರಿಜ್ಜಿನಲ್ಲೇ ಇಟ್ಟು, ದ್ರವ ತಿಳಿಯಾಗಿದ್ದರೆ ಇನ್ನೂ ಸ್ವಲ್ಪ ಕಾಲ ಬಳಸಬಹುದೇ ಎಂಬುದನ್ನು ನಿಮ್ಮ ವೈದ್ಯರೇ ನಿರ್ಧರಿಸಲಿ. ತೆರೆದ ತಾರೀಕನ್ನು ಮಾರ್ಕರಿನಲ್ಲಿ ಬರೆಯಿರಿ.

ಇಡುವ ಜಾಗ 2ರಿಂದ 8 ಡಿಗ್ರಿ ಸೆಲ್ಸಿಯಸ್. ಫ್ರೀಜರಿನ ಕೆಳಗೆ ತಾಗಿದಂತೆ ಇಟ್ಟರೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಚೆನ್ನಾಗಿದ್ದರೂ ಕೆಲಸ ಮಾಡುವುದಿಲ್ಲ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು. ಮಸುಕಾದರೆ, ತೇಲುವ ಕಣ ಕಂಡರೆ ಎಸೆಯಿರಿ. ಅದಕ್ಕೆ ಸಲೈನ್ ಬೆರೆಸಿ ತೆಳು ಮಾಡಬಾರದು, ಬೇರೆ ಇನ್ಸುಲಿನ್ ಜೊತೆ ಕೂಡಿಸಲೂಬಾರದು. ಮನೆಯಲ್ಲಿ ಅಜ್ಜಿಯ 30/70 ಬೆರಕೆ ಇನ್ಸುಲಿನ್ ಬಾಟಲಿ ಇದೆ ಎಂದು ಒಂದು ಹೊತ್ತಿಗೆ ಅದನ್ನೇ ಕೊಡುವ ಯೋಚನೆ ಬೇಡ. ಅಜ್ಜನ ಶುಗರ್ ಮಾತ್ರೆಗಳೂ ಬೇಡ. ಮೆಟ್‌ಫಾರ್ಮಿನ್ ಬೆಕ್ಕಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಗ್ಲಿಫ್ಲೋಜಿನ್ ಗುಂಪಿನ ಬೆಕ್ಕಿನ ಔಷಧಿಗಳಿಗೆ ಅಮೆರಿಕದಲ್ಲಿ 2022–23ರಲ್ಲಿ ಅನುಮತಿ ಸಿಕ್ಕಿದೆ. ಆದರೆ ಅವು ಇನ್ಸುಲಿನ್ ತೆಗೆದುಕೊಂಡಿರದ, ಮಿಕ್ಕಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ. ತಪ್ಪು ಬೆಕ್ಕಿಗೆ ಕೊಟ್ಟರೆ ಮೀಟರಿನಲ್ಲಿ ಸಕ್ಕರೆ ಚೆನ್ನಾಗಿ ಕಾಣುತ್ತಿರುವಾಗಲೇ ಕೀಟೋನ್ ಏರಿ ಪ್ರಾಣಕ್ಕೆ ಬರುತ್ತದೆ.

ಚುಚ್ಚುವುದು

ಶುರುವಿನ ಡೋಸನ್ನು ವೈದ್ಯರು ಬರೆದುಕೊಡುತ್ತಾರೆ. ಬಹುತೇಕ ಬೆಕ್ಕುಗಳಿಗೆ ಅದು 12 ಗಂಟೆಗೊಮ್ಮೆ 1 ಯೂನಿಟ್‌ನ ಆಸುಪಾಸಿನಲ್ಲಿರುತ್ತದೆ, ಮೊದಲ ದಿನವೇ 2 ದಾಟಿಸುವುದಿಲ್ಲ. ಬೆಳಿಗ್ಗೆ 7, ಸಂಜೆ 7 ಎಂದಿಟ್ಟುಕೊಳ್ಳಿ. ಮನೆಯವರ ದಿನಚರಿಗೆ ಹೊಂದುವ ಹೊತ್ತನ್ನು ಮೊದಲೇ ಯೋಚಿಸಿ ಆರಿಸಿ, ಆಮೇಲೆ ಬದಲಿಸಬೇಡಿ. ಅರ್ಧ ಗಂಟೆ ಆಚೀಚೆ ಆದರೆ ಪರವಾಗಿಲ್ಲ.

ಕ್ರಮ ಹೀಗೆ: ಮೊದಲು ಸಕ್ಕರೆ ನೋಡಿ, ಆಮೇಲೆ ಊಟ ಹಾಕಿ, ಬೆಕ್ಕು ತಿನ್ನತೊಡಗಿದ ಮೇಲೆ ಚುಚ್ಚಿ. ಚುಚ್ಚಿದ ಮೇಲೆ ಊಟ ಬೇಡ ಎಂದು ಬೆಕ್ಕು ಮುಖ ತಿರುಗಿಸಿದರೆ ಒಳಗೆ ಹೋದ ಇನ್ಸುಲಿನ್ನನ್ನು ವಾಪಸು ತೆಗೆಯಲು ಆಗುವುದಿಲ್ಲ.

1. ಹೊಸ ಸಿರಿಂಜ್ ತೆಗೆದು, ಬಾಟಲಿ ತಲೆಕೆಳಗೆ ಹಿಡಿದು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಎಳೆಯಿರಿ. ಬೆರಳಿನಿಂದ ತಟ್ಟಿ ಗುಳ್ಳೆಗಳನ್ನು ಮೇಲಕ್ಕೆ ತಂದು ಹೊರಹಾಕಿ, ಸರಿಯಾದ ಗೆರೆಗೆ ಇಳಿಸಿ. ಯು-100ರಲ್ಲಿ 1 ಯೂನಿಟ್ ಎಂದರೆ 0.01 ಮಿಲಿ, ಒಂದು ಹನಿಗಿಂತಲೂ ಎಷ್ಟೋ ಕಡಿಮೆ. ಸಾಸಿವೆಯಷ್ಟು ಗುಳ್ಳೆ ಒಳಗೆ ಉಳಿದರೂ ಡೋಸಿನ ದೊಡ್ಡ ಪಾಲು ಗಾಳಿಯೇ ಆಗಿರುತ್ತದೆ.

2. ಜಾಗ: ಪಕ್ಕೆಲುಬಿನ ಪಕ್ಕ ಅಥವಾ ಸೊಂಟದ ಮುಂದಿನ ಹೊಟ್ಟೆಯ ಬದಿ. ತಾಯಿ ಬೆಕ್ಕು ಮರಿ ಎತ್ತುವ ಕುತ್ತಿಗೆಯ ಚರ್ಮ ಹಿಡಿಯಲು ಸುಲಭ, ಆದರೆ ಅಲ್ಲಿ ರಕ್ತ ಸಂಚಾರ ಕಡಿಮೆ, ಇನ್ಸುಲಿನ್ ಒಂದೊಂದು ದಿನ ಒಂದೊಂದು ಥರ ಹೀರಲ್ಪಡುತ್ತದೆ. ಬೆಳಿಗ್ಗೆ ಎಡಕ್ಕೆ, ಸಂಜೆ ಬಲಕ್ಕೆ ಎಂದು ಬದಲಿಸಿ.

3. ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಗುಡಾರದಂತೆ ಮಾಡಿ, ಅದರ ಬುಡಕ್ಕೆ, ಸೂಜಿಯ ಓರೆ ಮುಖ ಮೇಲಿರುವಂತೆ, ಸುಮಾರು 45 ಡಿಗ್ರಿ ವಾಲಿಸಿ ತೂರಿಸಿ. ಸಿರಿಂಜಿನ ಹಿಂದಿನ ಹಿಡಿಯನ್ನು ಪೂರ್ತಿ ಒತ್ತಿ, ಎರಡು ಎಣಿಸಿ, ಹೊರತೆಗೆಯಿರಿ.

4. ಕೂದಲನ್ನು ಬೆರಳಲ್ಲಿ ಮುಟ್ಟಿ ನೋಡಿ. ಒದ್ದೆ ಇದ್ದರೆ, ಇನ್ಸುಲಿನ್ನಿನ ಆಸ್ಪತ್ರೆಯಂಥ ವಾಸನೆ ಬಂದರೆ, ಚರ್ಮದ ಆಚೆ ಬದಿಯಿಂದ ಹೊರಬಿದ್ದಿದೆ ಎಂದರ್ಥ.

ಹಾಗೆ ಸೋರಿದರೆ ಏನು ಮಾಡಬೇಕು? ಏನೂ ಮಾಡಬಾರದು. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ, ಇನ್ನೊಂದು ಡೋಸ್ ಸೇರಿಸಿದರೆ ಎರಡು ಪಟ್ಟಾಗಬಹುದು. ಮನೆಯಲ್ಲಿ ಇಬ್ಬರು ಇದ್ದು “ನೀನು ಹಾಕಿದೆಯಾ, ನಾನು ಹಾಕಿದೆನಾ” ಎಂಬ ಗೊಂದಲ ಬಂದಾಗಲೂ ಇದೇ ನಿಯಮ: ಅನುಮಾನವಿದ್ದರೆ ಹಾಕಬೇಡಿ. ಒಂದು ಹೊತ್ತು ತಪ್ಪಿದರೆ ಸಕ್ಕರೆ ಏರುತ್ತದೆ ಅಷ್ಟೆ, ಮುಂದಿನ ಹೊತ್ತಿಗೆ ಎಂದಿನ ಡೋಸ್ ಹಾಕಿದರಾಯಿತು. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಹಾಕಿದವರು ಅಲ್ಲೇ ಟಿಕ್ ಹಾಕುವ ರೂಢಿ ಮಾಡಿಕೊಂಡರೆ ಜಗಳವೂ ತಪ್ಪುತ್ತದೆ.

ಬಳಸಿದ ಸೂಜಿಗೆ ಕೈಯಿಂದ ಮತ್ತೆ ಮುಚ್ಚಳ ಹಾಕಲು ಹೋಗಿ ಚುಚ್ಚಿಸಿಕೊಳ್ಳುವವರೇ ಹೆಚ್ಚು. ದಪ್ಪ ಪ್ಲಾಸ್ಟಿಕ್ ಬಾಟಲಿಯೊಂದನ್ನು ಪಕ್ಕದಲ್ಲಿಟ್ಟು ನೇರವಾಗಿ ಅದಕ್ಕೆ ಹಾಕಿ, ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ ಕ್ಲಿನಿಕ್ಕಿಗೆ ಕೊಡಿ. ಹಸಿ ಕಸ ಒಣ ಕಸದ ಚೀಲಕ್ಕೆ ಹಾಕಿದರೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಸಕ್ಕರೆ ಕುಸಿದರೆ

ಮನೆಯಲ್ಲಿ ಶುಗರ್ ನೋಡಿಕೊಳ್ಳುವವರು ಹೆದರಬೇಕಾದ್ದು 400ಕ್ಕಲ್ಲ, 50ಕ್ಕೆ. ಏರಿದ ಸಕ್ಕರೆಗೆ ಡೋಸ್ ಸರಿಪಡಿಸಲು ದಿನಗಳು ಸಿಗುತ್ತವೆ, ಕುಸಿದ ಸಕ್ಕರೆಗೆ ನಿಮಿಷಗಳು. ಮೀಟರಿನಲ್ಲಿ 60ಕ್ಕಿಂತ ಕೆಳಗೆ ಬಂದರೆ, ಅಥವಾ ಮೀಟರ್ ಕೈಯಲ್ಲಿಲ್ಲದೆ ಬೆಕ್ಕು ತೂರಾಡುತ್ತಿದ್ದರೆ, ಶೂನ್ಯ ನೋಡುತ್ತಿದ್ದರೆ, ನಡುಗುತ್ತಿದ್ದರೆ, ಇದ್ದಕ್ಕಿದ್ದಂತೆ ಹಸಿವಿನಿಂದ ಕೂಗುತ್ತಿದ್ದರೆ, ಮಂಚದಡಿ ಅವಿತಿದ್ದರೆ ಹೀಗೆ ಮಾಡಿ.

ಎಚ್ಚರವಿದ್ದು ತಿನ್ನುತ್ತದೆ ಎಂದಾದರೆ ತಕ್ಷಣ ಊಟ ಹಾಕಿ. ಇದೊಂದು ಹೊತ್ತು ಮಾತ್ರ ಪಿಷ್ಟ ಹೆಚ್ಚಿರುವ ಒಣ ಕಾಳು (ಪ್ಯಾಕೆಟ್ಟಿನಲ್ಲಿ ಬರುವ ಒಣ ಬೆಕ್ಕಿನ ಆಹಾರ) ಒಳ್ಳೆಯದೇ. ತಿನ್ನಲು ಒಪ್ಪದಿದ್ದರೆ ಅಥವಾ ಮಂಕಾಗಿದ್ದರೆ ಒಂದು ಚಮಚ ಜೇನುತುಪ್ಪವನ್ನು, ಇಲ್ಲವೇ ಗ್ಲೂಕೋಸ್ ಪುಡಿಯನ್ನು ಕೆಲವೇ ಹನಿ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ತುಟಿಯ ಒಳಗಿನ ಒಸಡಿಗೆ ಬೆರಳಿನಿಂದ ತಿಕ್ಕಿ. ಬೆಲ್ಲದ ನೀರು, ಸಕ್ಕರೆ ನೀರಿಗಿಂತ ಇವೆರಡು ಮೇಲು. ಬೆಲ್ಲದ ಸಕ್ಕರೆ ಕರುಳಿನಲ್ಲಿ ಒಡೆದ ಮೇಲಷ್ಟೇ ಗ್ಲೂಕೋಸ್ ಆಗುತ್ತದೆ. ಪ್ರಜ್ಞೆ ಇಲ್ಲದಿದ್ದರೆ, ಫಿಟ್ಸ್ ಬರುತ್ತಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಲ್ಲಿನ ನಡುವೆ ಬೆರಳಿಡಬೇಡಿ. ಒಸಡಿಗೆ ಹಚ್ಚುತ್ತಲೇ ಆಸ್ಪತ್ರೆಗೆ ಹೊರಡಿ.

ಹದಿನೈದು ನಿಮಿಷಕ್ಕೆ ಮತ್ತೆ ಅಳೆಯಿರಿ. ಏರಿತೆಂದು ನೆಮ್ಮದಿಯಾಗಿ ಮಲಗಬೇಡಿ. ಜೇನಿನ ಪರಿಣಾಮ ಸ್ವಲ್ಪ ಹೊತ್ತು, ಗ್ಲಾರ್ಜಿನ್ನಿನದ್ದು ಗಂಟೆಗಟ್ಟಲೆ. ಸ್ಥಿರವಾಗುವವರೆಗೆ 15–30 ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ನೋಡುತ್ತ ಆ 12 ಗಂಟೆ ಕಳೆಯಿರಿ. ವೈದ್ಯರೊಡನೆ ಮಾತಾಡುವವರೆಗೆ ಮುಂದಿನ ಡೋಸ್ ಇಲ್ಲ.

ಜೇನಿನ ಸಣ್ಣ ಬಾಟಲಿಯನ್ನು ಸಿರಿಂಜಿನ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಳ್ಳಿ. ಅಡುಗೆಮನೆಯ ಅಟ್ಟದ ಮೇಲಿದ್ದರೆ ಆ ಹೊತ್ತಿಗೆ ಸಿಗುವುದಿಲ್ಲ.

ಕಿವಿಯಿಂದ ರಕ್ತ, ದಿನದ ಲೆಕ್ಕ

ಮನೆಯಲ್ಲಿ ಅಳೆದ ಸಂಖ್ಯೆ ಕ್ಲಿನಿಕ್ಕಿನ ಸಂಖ್ಯೆಗಿಂತ ಹೆಚ್ಚು ನಂಬಿಕೆಗೆ ಅರ್ಹ, ಬೆಕ್ಕು ಹೆದರಿರುವುದಿಲ್ಲ. ಕಿವಿಯ ಹೊರ ಅಂಚಿನ ಉದ್ದಕ್ಕೆ ಒಂದು ತೆಳು ರಕ್ತನಾಳ ಓಡುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಕಿವಿಗೆ ಹಿಡಿದು ಒರೆಸಿ. ಕಿವಿಯ ಹಿಂದೆ ಮಡಿಸಿದ ಹತ್ತಿ ಇಟ್ಟು, ರಕ್ತನಾಳಕ್ಕೂ ಅಂಚಿಗೂ ನಡುವಿನ ಜಾಗಕ್ಕೆ ಲ್ಯಾನ್ಸೆಟ್ಟಿನಿಂದ (ರಕ್ತ ಪರೀಕ್ಷೆಗೆ ಚುಚ್ಚುವ ಪುಟ್ಟ ಸೂಜಿ) ಚುಕ್ಕಿ ಹಾಕಿ. ಕಾಳಿನಂಥ ಹನಿ ಬಂದಾಗ ಸ್ಟ್ರಿಪ್ಪಿನ ತುದಿ ತಾಗಿಸಿದರೆ ತಾನೇ ಹೀರಿಕೊಳ್ಳುತ್ತದೆ. ಆಮೇಲೆ ಹತ್ತು ಸೆಕೆಂಡು ಹತ್ತಿಯಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಕಿವಿ ನೀಲಿಗಟ್ಟುತ್ತದೆ. ಮೊದಲ ವಾರ ರಕ್ತ ಬರದಿರುವುದೇ ಹೆಚ್ಚು. ಬಹುತೇಕ ಕಾರಣ ಕಿವಿ ತಣ್ಣಗಿರುವುದು. ಎರಡು ಸಲ ಚುಚ್ಚಿಯೂ ಬರದಿದ್ದರೆ ಆ ಹೊತ್ತಿನ ಅಳತೆ ಬಿಟ್ಟುಬಿಡಿ. ಬೆಕ್ಕಿಗೆ ಇದು ಹಿಂಸೆ ಎಂದು ತಲೆಗೆ ಹೋದರೆ ಮುಂದೆ ಕೈಗೆ ಸಿಗುವುದೇ ಇಲ್ಲ. ಪ್ರತಿ ಸಲವೂ ಬೇಯಿಸಿದ ಕೋಳಿಯ ಒಂದು ಎಳೆ ಕೊಟ್ಟು ಮುಗಿಸಿ.

ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದು ಬರುವ ಮೀಟರ್ ಇದ್ದರೆ ಚೆನ್ನ, ಇರದಿದ್ದರೂ ನಡೆಯುತ್ತದೆ. ಆದರೆ ಯಾವಾಗಲೂ ಅದೇ ಮೀಟರ್ ಬಳಸಿ, ಯಾವುದೆಂದು ವೈದ್ಯರಿಗೂ ಹೇಳಿ. ವಿದೇಶದ ಬರಹಗಳಲ್ಲಿ 6.5, 15 ಎಂಬಂಥ ಸಂಖ್ಯೆ ಕಂಡರೆ 18ರಿಂದ ಗುಣಿಸಿ, ನಮ್ಮ ಅಳತೆಗೆ ಬರುತ್ತದೆ: 6.5 ಎಂದರೆ 117.

ಎಡವುವುದು ಹೆಚ್ಚಾಗಿ ಇಲ್ಲಿ. ದಿನಾ ಇಂಜೆಕ್ಷನ್ನಿಗೆ ಮುಂಚೆ ಮಾತ್ರ ಅಳೆದರೆ ಸಿಗುವುದು ದಿನದ ಅತಿ ಹೆಚ್ಚಿನ ಸಂಖ್ಯೆ. ಒಂದು ಉದಾಹರಣೆ: ಬೆಳಿಗ್ಗೆ 7ಕ್ಕೆ 340, 9ಕ್ಕೆ 290, 11ಕ್ಕೆ 200, ಮಧ್ಯಾಹ್ನ 1ಕ್ಕೆ 125, 3ಕ್ಕೆ 150, 5ಕ್ಕೆ 230, ಸಂಜೆ 7ಕ್ಕೆ 320. ಎರಡು ಹೊತ್ತಿನ 340, 320 ಮಾತ್ರ ನೋಡಿದವರು ಡೋಸ್ ಸಾಲದು ಎಂದು ಏರಿಸುತ್ತಾರೆ. ನಿಜದಲ್ಲಿ ನಡುಹಗಲಿನ 125 ಹೇಳುವುದೇ ಬೇರೆ: ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಏರಿಸಿದರೆ ಆ ತಳವೇ 60ಕ್ಕೆ ಇಳಿಯಬಹುದು. ಡೋಸ್ ತೀರ್ಮಾನವಾಗಬೇಕಾದ್ದು ತಳದ ಸಂಖ್ಯೆಯಿಂದ. ಅದು 80ರಿಂದ 150ರೊಳಗೆ ಇರಬೇಕು. ತಳವೇ 250ರ ಮೇಲಿದ್ದರೆ ಡೋಸ್ ಸಾಲದು ಎನ್ನಬಹುದು. ತಳ 80ಕ್ಕಿಂತ ಕೆಳಗಿದ್ದರೆ, ಬೆಳಗಿನ ಸಂಖ್ಯೆ ಎಷ್ಟೇ ಇರಲಿ, ಡೋಸ್ ಇಳಿಯಬೇಕು.

ಆದ್ದರಿಂದ ಡೋಸ್ ಬದಲಾದ ಒಂದೆರಡು ವಾರಕ್ಕೆ, ರಜೆಯ ದಿನ ನೋಡಿ, ಹೀಗೆ ಎರಡು ಗಂಟೆಗೊಮ್ಮೆ 12 ಗಂಟೆ ಅಳೆದ ಪಟ್ಟಿ ಮಾಡಿ ವೈದ್ಯರಿಗೆ ಕಳುಹಿಸಿ. ಆ ದಿನ ಊಟ, ಹೊತ್ತು ಎಲ್ಲವೂ ಎಂದಿನಂತೆಯೇ ಇರಲಿ. ಅಷ್ಟು ಚುಚ್ಚಲು ಮನಸ್ಸು ಬಾರದಿದ್ದರೆ ಮನುಷ್ಯರ ತೋಳಿಗೆ ಅಂಟಿಸುವ 14 ದಿನದ ಸೆನ್ಸಾರನ್ನು ವೈದ್ಯರು ಕೂದಲು ಬೋಳಿಸಿ ಬೆನ್ನಿಗೋ ಎದೆಯ ಬದಿಗೋ ಅಂಟಿಸಿಕೊಡುತ್ತಾರೆ. ಬೆಕ್ಕಿನ ಮೈಮೇಲೆ ಅದು ಪೂರ್ತಿ ಎರಡು ವಾರ ನಿಲ್ಲುವುದು ಅಪರೂಪ, ಒಂದು ವಾರ ನಿಂತರೂ ಸಾಕಷ್ಟು ಮಾಹಿತಿ ಸಿಗುತ್ತದೆ. ಸೆನ್ಸಾರ್ ತೋರಿಸುವುದು ಚರ್ಮದಡಿಯ ದ್ರವದ ಸಕ್ಕರೆಯನ್ನು, ರಕ್ತಕ್ಕಿಂತ ಸ್ವಲ್ಪ ಹಿಂದಿರುತ್ತದೆ. ಅದು ಬಹಳ ಕಡಿಮೆ ತೋರಿಸಿ ಬೆಕ್ಕು ಆರಾಮಾಗಿದ್ದರೆ ಕಿವಿಯ ರಕ್ತದಲ್ಲಿ ಖಚಿತಪಡಿಸಿಕೊಳ್ಳಿ.

ಡೋಸ್ ಬದಲಾಯಿಸುವುದು ಅರ್ಧ ಯೂನಿಟ್ಟಿನಂತೆ, ಐದಾರು ದಿನಕ್ಕಿಂತ ಬೇಗ ಅಲ್ಲ. ಗ್ಲಾರ್ಜಿನ್ ನೆಲೆಗೊಳ್ಳಲು ಅಷ್ಟು ಕಾಲ ಬೇಕು. 1ರಿಂದ 2ಕ್ಕೆ ಏರಿಸಿದಿರಿ ಎಂದರೆ ಡೋಸ್ ಇಮ್ಮಡಿ ಮಾಡಿದಿರಿ ಎಂದರ್ಥ. ಇಂಜೆಕ್ಷನ್ನಿಗೆ ಮುಂಚೆಯೇ ಸಂಖ್ಯೆ 200ಕ್ಕಿಂತ ಕೆಳಗಿದ್ದರೆ ಹೊಸಬರು ಆ ಹೊತ್ತು ಊಟ ಮಾತ್ರ ಕೊಟ್ಟು ವೈದ್ಯರಿಗೆ ಫೋನ್ ಮಾಡುವುದು ಲೇಸು. ಅನುಭವ ಬಂದಂತೆ ಆ ಗಡಿಯನ್ನು ಅವರೇ ಕೆಳಗಿಳಿಸುತ್ತಾರೆ.

ಮೂತ್ರದ ಪಟ್ಟಿಯಿಂದ ಡೋಸ್ ನಿರ್ಧರಿಸಬೇಡಿ, ಅದು ಗಂಟೆಗಳ ಹಿಂದಿನ ಕಥೆ. ಆದರೆ ಕೀಟೋನ್ ನೋಡಲು ಬೇಕೇ ಬೇಕು. ಗ್ಲೂಕೋಸ್ ಮತ್ತು ಪ್ರೋಟೀನ್ ಮಾತ್ರ ತೋರಿಸುವ ಪಟ್ಟಿಗಳೂ ಮಾರಾಟದಲ್ಲಿವೆ, ಡಬ್ಬಿಯ ಮೇಲೆ ಕೀಟೋನ್ ಎಂದಿರುವುದನ್ನೇ ಕೊಳ್ಳಿ. ಬೆಕ್ಕು ಸುಸ್ತಾದ ದಿನ, ಊಟ ಬಿಟ್ಟ ದಿನ ನೋಡಿ. ಸ್ವಲ್ಪ ಬಣ್ಣ ಬಂದರೂ ವೈದ್ಯರಿಗೆ ತಿಳಿಸಿ.

ಊಟ: ಹಾಲು-ಅನ್ನಕ್ಕೆ ವಿದಾಯ

ಇನ್ಸುಲಿನ್ ಅರ್ಧ ಚಿಕಿತ್ಸೆಯಾದರೆ ಊಟ ಇನ್ನರ್ಧ. ಬೆಕ್ಕಿನ ಮೈ ಮಾಂಸಕ್ಕಾಗಿ ಆದದ್ದು, ಪಿಷ್ಟ ಅರಗಿಸುವ ಸಾಮರ್ಥ್ಯ ಕಡಿಮೆ. ನಮ್ಮ ಮನೆಗಳ ಬೆಕ್ಕು ತಿನ್ನುವುದೋ ಹಾಲು-ಅನ್ನ, ಮೊಸರನ್ನ, ಮೀನಿನ ಸಾರು ಕಲಸಿದ ಅನ್ನ, ನಡುವೆ ಒಂದು ಬಿಸ್ಕತ್ತು. ದುಬಾರಿ ಒಣ ಕಾಳಿನ ಪ್ಯಾಕೆಟ್ಟೂ ಈ ವಿಷಯದಲ್ಲಿ ಅನ್ನಕ್ಕಿಂತ ಬಹಳ ದೂರ ಇಲ್ಲ. ಪ್ಯಾಕೆಟ್ಟಿನ ಹಿಂದೆ ಕಾರ್ಬೋಹೈಡ್ರೇಟ್ ಬರೆದಿರುವುದಿಲ್ಲ, ನೀವೇ ಲೆಕ್ಕ ಹಾಕಬೇಕು.

100ರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಲೇಬಲ್ಲಿನಲ್ಲಿ ash ಎಂದಿರುವ ಖನಿಜಾಂಶ) ಇಷ್ಟನ್ನೂ ಕಳೆಯಿರಿ. ಬೂದಿ ಬರೆದಿಲ್ಲದಿದ್ದರೆ ಒಣ ಕಾಳಿಗೆ 8, ಪೌಚಿಗೆ (ಚೀಲದಲ್ಲಿ ಬರುವ ಹಸಿ ಆಹಾರ) 2 ಎಂದು ಹಿಡಿಯಿರಿ. ಉದಾಹರಣೆಗೆ ಒಣ ಕಾಳಿನಲ್ಲಿ ಪ್ರೋಟೀನ್ 32, ಕೊಬ್ಬು 12, ನಾರು 4, ತೇವ 10, ಬೂದಿ 8 ಎಂದರೆ ಉಳಿದದ್ದು 34. ಇದನ್ನು ಕ್ಯಾಲೊರಿಗೆ ತಿರುಗಿಸಿ: ಕಾರ್ಬ್ 34ನ್ನು 3.5ರಿಂದ ಗುಣಿಸಿದರೆ 119, ಪ್ರೋಟೀನ್ 32ನ್ನು 3.5ರಿಂದ ಗುಣಿಸಿದರೆ 112, ಕೊಬ್ಬು 12ನ್ನು 8.5ರಿಂದ ಗುಣಿಸಿದರೆ 102. ಒಟ್ಟು 333ರಲ್ಲಿ 119, ಅಂದರೆ ಸುಮಾರು 36 ಶೇಕಡಾ ಕ್ಯಾಲೊರಿ ಪಿಷ್ಟದಿಂದಲೇ. ಶುಗರ್ ಬೆಕ್ಕಿಗೆ ಇದು 12 ಶೇಕಡಾದೊಳಗೆ ಇರುವುದು ಒಳ್ಳೆಯದು. ಪ್ರೋಟೀನ್ 10, ಕೊಬ್ಬು 3, ನಾರು 1, ತೇವ 83, ಬೂದಿ 2 ಇರುವ ಪೌಚಿಗೆ ಅದೇ ಲೆಕ್ಕ ಹಾಕಿದರೆ 6 ಶೇಕಡಾದೊಳಗೆ ಬರುತ್ತದೆ. ಹಾಗೆಂದು ಎಲ್ಲ ಪೌಚೂ ಒಳ್ಳೆಯದಲ್ಲ. ಗ್ರೇವಿ ಎಂದು ಬರೆದವುಗಳಲ್ಲಿ ರಸ ಗಟ್ಟಿಯಾಗಲು ಪಿಷ್ಟ ಸೇರಿಸಿರುತ್ತಾರೆ. ನುಣ್ಣಗೆ ರುಬ್ಬಿದ ಮುದ್ದೆಯಂಥದ್ದು ಸಾಮಾನ್ಯವಾಗಿ ವಾಸಿ.

ಒಂದು ಎಚ್ಚರಿಕೆ. ಇನ್ಸುಲಿನ್ ನಡೆಯುತ್ತಿರುವಾಗ ಒಣ ಕಾಳಿನಿಂದ ಪೌಚಿಗೆ ದಿಢೀರನೆ ಬದಲಿಸಿದರೆ ಬೇಕಾದ ಇನ್ಸುಲಿನ್ ಕೆಲವೇ ದಿನದಲ್ಲಿ ಅರ್ಧಕ್ಕಿಳಿಯಬಹುದು. ಹಳೆಯ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ. ವೈದ್ಯರಿಗೆ ಹೇಳಿಯೇ, 7–10 ದಿನದಲ್ಲಿ ಸ್ವಲ್ಪ ಸ್ವಲ್ಪ ಬದಲಿಸಿ, ಆ ದಿನಗಳಲ್ಲಿ ಹೆಚ್ಚು ಸಲ ಅಳೆಯಿರಿ. ಕಿಡ್ನಿ ತೊಂದರೆಯೂ ಇದ್ದರೆ ಪ್ರೋಟೀನಿನ ಲೆಕ್ಕ ಬೇರೆಯಾಗುತ್ತದೆ, ಅದನ್ನು ವೈದ್ಯರೇ ತೂಗಿನೋಡಲಿ.

“ಹಾಗಾದರೆ ಬರೀ ಕೋಳಿ ಬೇಯಿಸಿ ಹಾಕಿದರೆ ಆಯಿತಲ್ಲ” ಎನ್ನುವವರು ಬಹಳ. ಸಕ್ಕರೆ ದೃಷ್ಟಿಯಿಂದ ಸರಿ, ಮಿಕ್ಕದ್ದಕ್ಕೆ ಸಾಲದು. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಬೇಯಿಸಿದ ನೀರು ಚೆಲ್ಲಿದರೆ ಟೌರಿನ್ ಎಂಬ ಪೋಷಕಾಂಶ ಕೂಡ ಹೋಗುತ್ತದೆ, ಅದಿಲ್ಲದೆ ಬೆಕ್ಕಿನ ಹೃದಯ, ಕಣ್ಣು ಎರಡೂ ಕೆಡುತ್ತವೆ. ದಿನದ ಊಟದಲ್ಲಿ ಹತ್ತನೇ ಒಂದು ಪಾಲು ಕೋಳಿಯೋ ಮೀನೋ ಆದರೆ ತೊಂದರೆಯಿಲ್ಲ. ಪೂರ್ತಿ ಮನೆಯೂಟವೇ ಬೇಕೆಂದರೆ ಪೂರಕ ಪುಡಿಗಳ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ. ಉಪ್ಪು ಹಾಕಿದ ಒಣಮೀನು ಬೇಡ, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಎಂದಿಗೂ ಬೇಡ.

ಪ್ರಮಾಣ: 4.5 ಕಿಲೋ ಇರಬೇಕಾದ ಬೆಕ್ಕಿಗೆ ದಿನಕ್ಕೆ ಸುಮಾರು 215 ಕಿಲೋಕ್ಯಾಲೊರಿಯಿಂದ ಶುರುಮಾಡಿ, ತೂಕ ನೋಡಿ ಹೊಂದಿಸಿ. ದಪ್ಪ ಬೆಕ್ಕು ವಾರಕ್ಕೆ ತನ್ನ ತೂಕದ ಅರ್ಧದಿಂದ ಒಂದು ಶೇಕಡಾ ಇಳಿದರೆ ಸಾಕು. ಇಳಿಸುವ ಹುಮ್ಮಸ್ಸಿನಲ್ಲಿ ಉಪವಾಸ ಹಾಕಬೇಡಿ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಕೊಬ್ಬು ಲಿವರಿಗೆ ನುಗ್ಗಿ ಜೀವಕ್ಕೇ ಅಪಾಯ. ಹೊಸ ಪೌಚನ್ನು ಮೂಸಿ ಹೋದರೆ ಹಳೆಯ ಊಟ ಕೊಡಿ, ಹಟ ಬೇಡ. ನೀರನ್ನು ಮಾತ್ರ ಎಂದೂ ಕಡಿಮೆ ಮಾಡಬಾರದು. ಅದು ಹೆಚ್ಚು ಕುಡಿಯುವುದರಿಂದ ಉಚ್ಚೆ ಹೆಚ್ಚಾಗುವುದಲ್ಲ, ಸಕ್ಕರೆ ನೀರನ್ನು ಎಳೆದೊಯ್ಯುವುದರಿಂದ ಬಾಯಾರುವುದು.

ಊರಿನ ಬೆಕ್ಕಿಗೆ ಮೂರು ಮನೆ ಇರುತ್ತದೆ. ನೀವು ಅಳೆದು ಹಾಕಿದರೂ ಪಕ್ಕದ ಮನೆಯ ಅಜ್ಜಿ ಹಿತ್ತಿಲಲ್ಲಿ ಹಾಲು ಇಡುತ್ತಾರೆ. ಬೆಕ್ಕಿಗೆ ಶುಗರ್ ಎಂದು ಅವರಿಗೆ ಬಿಡಿಸಿ ಹೇಳಿ, ತಮಗೂ ಇದ್ದರೆ ತಕ್ಷಣ ಅರ್ಥವಾಗುತ್ತದೆ! ಕೊರಳಿಗೆ “ಔಷಧಿ ನಡೆಯುತ್ತಿದೆ, ತಿನಿಸು ಹಾಕಬೇಡಿ” ಎಂಬ ಪಟ್ಟಿಯೂ ಇರಲಿ. ಡೋಸ್ ಒಂದು ಹದಕ್ಕೆ ಬರುವವರೆಗಾದರೂ ಒಳಗೇ ಇಟ್ಟುಕೊಳ್ಳಿ. ಮಧ್ಯಾಹ್ನ ಸಕ್ಕರೆ ಇಳಿಯುವ ಹೊತ್ತಿಗೆ ಬೆಕ್ಕು ಯಾರದೋ ತಾರಸಿಯ ಮೇಲಿದ್ದರೆ ಹುಡುಕುವುದು ಎಲ್ಲಿ?

ಪುಸ್ತಕ, ಪ್ರಯಾಣ

ಒಂದು ನೋಟ್‌ಬುಕ್ಕಿನಲ್ಲಿ ದಿನಾ ಹೊತ್ತು, ಸಕ್ಕರೆ, ಡೋಸ್, ತಿಂದದ್ದು ಬರೆಯಿರಿ. ವಾರಕ್ಕೊಮ್ಮೆ ತೂಕ: ಬೆಕ್ಕನ್ನೆತ್ತಿಕೊಂಡು ನಿಂತು ನಿಮ್ಮ ತೂಕ ಕಳೆಯುವುದಕ್ಕಿಂತ ಮಗು ತೂಗುವ ತಕ್ಕಡಿ ಮೇಲು, 100 ಗ್ರಾಂ ವ್ಯತ್ಯಾಸವೂ ಇಲ್ಲಿ ಮುಖ್ಯ. ಬೆಳಿಗ್ಗೆ ಅರ್ಧ ಲೀಟರ್ ನೀರಿಟ್ಟು ಮರುದಿನ ಉಳಿದದ್ದನ್ನು ಅಳೆದರೆ ಕುಡಿದ ನೀರೂ ಗೊತ್ತಾಗುತ್ತದೆ. ಕಿಲೋಗೆ 100 ಮಿಲಿ ದಾಟಿದರೆ ಹತೋಟಿ ತಪ್ಪಿದೆ. ಪೌಚ್ ತಿನ್ನುವ ಬೆಕ್ಕು ಕಿಲೋಗೆ 50 ಮಿಲಿ ಕುಡಿದರೂ ಅನುಮಾನ ಪಡಬೇಕು. ಮೀಟರಿನ ಸಂಖ್ಯೆ ಚೆನ್ನಾಗಿದ್ದು ತೂಕ ಇಳಿಯುತ್ತಿದ್ದರೆ ತೂಕವನ್ನೇ ನಂಬಿ.

ಊರಿಗೆ ಹೋಗುವಾಗ ಇನ್ಸುಲಿನ್ನನ್ನು ಅಗಲ ಬಾಯಿಯ ಥರ್ಮಾಸಿನಲ್ಲಿ, ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ ಇಡಿ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಹಾಳು. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದೆ ಇದ್ದರೆ ಸಾಕು. ಬೆಕ್ಕನ್ನು ಬೇರೆಯವರಲ್ಲಿ ಬಿಟ್ಟು ಹೋಗುವುದಾದರೆ ಅವರ ಕೈಯಲ್ಲಿ ನಿಮ್ಮೆದುರೇ ಎರಡು ಸಲ ಚುಚ್ಚಿಸಿ ನೋಡಿ.

ಡೋಸ್ ಏರಿದರೂ ಸಕ್ಕರೆ ಇಳಿಯದಿದ್ದರೆ

ಮೊದಲು ಬಾಟಲಿ ಹೊಸದು ಮಾಡಿ, ಸಿರಿಂಜ್ ಪರೀಕ್ಷಿಸಿ, ಚುಚ್ಚುವುದನ್ನು ವೈದ್ಯರೆದುರು ಮಾಡಿ ತೋರಿಸಿ. ಸಮಸ್ಯೆ ಅರ್ಧಕ್ಕರ್ಧ ಇಲ್ಲೇ ಸಿಗುತ್ತದೆ. ಆಮೇಲೆ ಬಾಯಿ ತೆರೆದು ನೋಡಿಸಿ: ಒಸಡಿನ ಸೋಂಕು, ಕೊಳೆತ ಹಲ್ಲು ಇನ್ಸುಲಿನ್ನಿಗೆ ಅಡ್ಡಬರುತ್ತವೆ. ಮೂತ್ರದ ಸೋಂಕು, ಮೇದೋಜೀರಕದ ಉರಿಯೂತ, ಥೈರಾಯ್ಡ್ ಕೂಡ ಹಾಗೆಯೇ. ಪ್ರತಿ ಹೊತ್ತಿಗೆ ಐದಾರು ಯೂನಿಟ್ ದಾಟಿಯೂ ಸಕ್ಕರೆ ಬಗ್ಗದಿದ್ದರೆ, ಬೆಕ್ಕು ಶುಗರ್ ಹೆಚ್ಚಿದ್ದೂ ತೂಕ ಏರುತ್ತಿದ್ದರೆ, ಮುಖ ಪಂಜ ಅಗಲವಾಗುತ್ತಿದ್ದರೆ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳವಣಿಗೆಯ ಹಾರ್ಮೋನ್ ಹೆಚ್ಚಿಸುವ ಗಡ್ಡೆಯಿರಬಹುದು. ಅದನ್ನು ಪರೀಕ್ಷಿಸಲು ಕೇಳಿ.

ಇನ್ನು ಒಳ್ಳೆಯ ಸುದ್ದಿ. ಬೆಕ್ಕಿನ ಶುಗರ್ ಬಹುಪಾಲು ಮನುಷ್ಯರ ಎರಡನೇ ಬಗೆಯದ್ದರಂತೆ (ಟೈಪ್ 2). ಕಾಯಿಲೆ ಕಂಡ ಮೊದಲ ತಿಂಗಳುಗಳಲ್ಲೇ ಇನ್ಸುಲಿನ್, ಕಡಿಮೆ ಪಿಷ್ಟದ ಊಟ ಎರಡೂ ಕೂಡಿಬಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ. ಅದರ ಸುಳಿವು ಡೋಸ್ ತಾನಾಗಿ ಇಳಿಯುತ್ತ ಹೋಗುವುದು: 1.5, 1, 0.5, ಆಮೇಲೆ ದಿನಕ್ಕೊಮ್ಮೆ 0.5. ಇದನ್ನು ಗಮನಿಸದೆ ಹಳೆಯ ಡೋಸ್ ಮುಂದುವರಿಸುವುದರಿಂದಲೇ ಕುಸಿತಗಳು ಆಗುತ್ತವೆ. ಇನ್ಸುಲಿನ್ ನಿಲ್ಲಿಸಿ ನಾಲ್ಕು ವಾರ ಸಕ್ಕರೆ ಸಹಜವಾಗಿಯೇ ಇದ್ದರೆ ಬಿಡುಗಡೆ ಸಿಕ್ಕಿತೆನ್ನಬಹುದು.

ಆದರೆ ಮತ್ತೆ ಮರಳುವ ಬೆಕ್ಕುಗಳು ಕಡಿಮೆಯೇನಲ್ಲ. ಊಟ ಅದೇ ಮುಂದುವರಿಯಲಿ, ವಾರಕ್ಕೊಮ್ಮೆ ತೂಕ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕಿವಿಯ ರಕ್ತ ನೋಡುತ್ತಿರಿ. ಬೇರೆ ಯಾವ ವೈದ್ಯರ ಬಳಿ ಯಾವ ಕಾರಣಕ್ಕೆ ಹೋದರೂ ಚೀಟಿಯ ಮೇಲೆ ಮೊದಲ ಸಾಲಾಗಿ “ಶುಗರ್ ಇತ್ತು, ಸ್ಟೀರಾಯ್ಡ್ ಬೇಡ” ಎಂದು ಬರೆಸಿ.